ಹಿಡಿಯೂ ಕಬ್ಬಿಣದ್ದಾದ ಚೂರಿ

ಯುದ್ಧದ ವರ್ಷಗಳಲ್ಲಿ ಹೊಸ ಕಬ್ಬಿಣ ಕಣ್ಣಿಗೆ ಬೀಳುತ್ತಿರಲಿಲ್ಲ. ಕೊತ್ತತ್ತಿಯಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡಂತೆ ಕುಲುಮೆ ಇಟ್ಟಿದ್ದ ಆಚಾರಿ ಸವೆದ ಗಾಡಿಪಟ್ಟಿ, ಮುರಿದ ಅರ, ಲಾರಿ ಸ್ಪ್ರಿಂಗು, ಸಿಕ್ಕಿದ್ದರಲ್ಲೇ ಚೂರಿ ಬಡಿಯುತ್ತಿದ್ದ. ಜಾಲಿಮರದ ಹಿಡಿ, ಅದನ್ನು ಅರಗು ಕಾಯಿಸಿ ಕೂರಿಸುವುದು. ನೋಡಲು ಏನೂ ಚೆಂದವಿಲ್ಲ. ಸೊಪ್ಪಿಗೂ ಅದೇ, ಕಬ್ಬಿಗೂ ಅದೇ, ಹೆರಿಗೆಯಾದ ಮನೆಯಲ್ಲಿ ಹೊಕ್ಕುಳಬಳ್ಳಿ ಕೊಯ್ಯುವುದಕ್ಕೂ ಅದೇ.

ಅವನ ಹೆಂಡತಿಯ ಎರಡು ಕೂಸುಗಳೂ ವಾರದೊಳಗೆ ದವಡೆ ಕಚ್ಚಿ, ಮೊಲೆ ಹಿಡಿಯಲಾರದೆ, ಬಿಲ್ಲಿನಂತೆ ಸೆಟೆದು ಸತ್ತಿದ್ದವು. ಅವನ ಕೈಯ ಕಬ್ಬಿಣ ಅವನ ಮಕ್ಕಳಿಗೇ ಆಗಿಬರುವುದಿಲ್ಲವೆಂದು ಊರಲ್ಲಿ ಮಾತು. ಮೂರನೆಯ ಬಸುರಿಗೆ ತಿಂಗಳು ತುಂಬಿದ್ದಾಗ ನಾನು ಮೈಸೂರಿನ ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದಿದ್ದೆ. ಅಲ್ಲಿನ ಡಿಸ್ಪೆನ್ಸರಿಯ ಸಿಸ್ಟರ್ ಕತ್ತರಿಯನ್ನು ಕುದಿಸದೆ ಯಾರ ಗಾಯವನ್ನೂ ಮುಟ್ಟುತ್ತಿರಲಿಲ್ಲ. ಬಳ್ಳಿ ಕೊಯ್ಯುವ ಚೂರಿಯನ್ನೂ ಹಾಗೇ ಕುದಿಸಬೇಕೆಂದು ಆಚಾರಿಗೆ ಹೇಳಿದೆ.

"ಕುದಿಸುದ್ರೆ ಅರಗು ಕರಗೋಯ್ತದೆ ಕಣವ್ವ," ಎಂದ ಆಚಾರಿ. "ಅಲಗು ಒಂದ್ಕಡೆ, ಇಡಿ ಒಂದ್ಕಡೆ."

ತಿದಿ ಒತ್ತುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. "ಇಡೀನೂ ಕಬ್ಣದಲ್ಲೇ ಮಾಡಿ. ಊರೋರ್ಗೆಲ್ಲಾ ಮಾಡ್ಕೊಡ್ತೀರಿ, ನಂಗೊಂದ್ ಮಾಡಕ್ಕೆ ನಿಮ್ಗೇನ್ ದಾಡಿ?"

ಅವನು ಸ್ಪ್ರಿಂಗಿನ ತುಂಡೊಂದನ್ನು ಕಾಯಿಸಿ, ಬಾಲದ ಕಡೆ ತೆಳ್ಳಗೆ ತಟ್ಟಿ, ವೀಳ್ಯದೆಲೆಯ ಹಾಗೆ ಸುರುಳಿ ಸುತ್ತಿ ಟೊಳ್ಳು ಹಿಡಿ ಮಾಡಿದ. ಹಿಡಿದರೆ ಅಂಗೈಗೆ ಒತ್ತುತ್ತಿತ್ತು. ಅಲಗು ಮಾತ್ರ ಪರ್ಫೆಕ್ಟ್.

ನೋವು ಬಂದ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನಾನೇ ನೀರು ಕುದಿಸಿದೆ. ಸೂಲಗಿತ್ತಿ ಇಣುಕಿ ನೋಡಿ, "ಚೂರಿ ಸಾರು ಮಾಡ್ತಾವ್ಳೆ ನಮ್ಮವ್ವ. ಉಪ್ಪು ಆಕ್ದ್ಯಾ?" ಎಂದಳು. ಒಳಗೆ ನೋವಿನಲ್ಲಿದ್ದವಳೂ ನಕ್ಕದ್ದು ಕೇಳಿಸಿತು.

ಗಂಡುಮಗು. ಜೋರಾಗಿ ಅತ್ತಿತು. ಸೂಲಗಿತ್ತಿ ಕುದಿಸಿದ ಚೂರಿಯಿಂದಲೇ ಬಳ್ಳಿ ಕೊಯ್ದು, ಎಂದಿನಂತೆ ಕೊಟ್ಟಿಗೆಯ ಗೂಡಿನಲ್ಲಿದ್ದ ಬೆರಣಿಬೂದಿಯನ್ನು ಚಿಟಿಕೆ ತೆಗೆದು ಹೊಕ್ಕುಳಿಗೆ ಒತ್ತಿದಳು. ಗಾಯ ಬೇಗ ಒಣಗಲಿ ಎಂದು ಎಲ್ಲರ ಮನೆಯಲ್ಲೂ ಹಾಗೇ. ಯಾರಿಗೂ ಏನೂ ಅನ್ನಿಸಲಿಲ್ಲ, ನನಗೂ ಕೂಡ. ಟೆಟನಸ್ ಅಂಥ ಬೂದಿಯಿಂದಲೂ ಬರುತ್ತದೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ವಾರ ತುಂಬುವ ಮೊದಲೇ ಮಗು ಮೊಲೆ ಬಿಟ್ಟಿತು. ದವಡೆ ಕಚ್ಚಿತು.

ಹೂತು ಬಂದ ಮಾರನೆಯ ದಿನ ಆಚಾರಿ ನಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಒಳಗೆ ಕರೆದರೂ ಬರಲಿಲ್ಲ.

"ನೀರು ಒಸಿ ಕಮ್ಮಿ ಕುದೀತೇನವ್ವ?"

"ಇಲ್ಲ ಆಚಾರಿ, ಚೆನ್ನಾಗಿ ಕುದೀತು," ಎಂದೆ. ನಿಜವನ್ನೇ ಹೇಳಿದ್ದೆ.

ಅವನು ತನ್ನ ಅಂಗೈ ನೋಡಿಕೊಂಡ. "ಅಂಗಾದ್ರೆ ಊರೋರು ಯೋಳೋದೇ ದಿಟ ಬುಡು," ಎಂದು ಹೊರಟುಹೋದ.

ಆಮೇಲೆಯೂ ಅವನು ನೇಗಿಲಿನ ಗುಳ ತಟ್ಟಿದ, ಗಾಡಿಗೆ ಪಟ್ಟಿ ಹಾಕಿದ. ಚೂರಿ ಕೇಳಿಕೊಂಡು ಬಂದವರಿಗೆ ಮಾತ್ರ, ತಲೆಯೆತ್ತದೆ, ಮಂಡ್ಯದ ಸಂತೆಯಲ್ಲಿ ಸಿಗುತ್ತವೆ ಹೋಗಿ ಎನ್ನುತ್ತಿದ್ದ.