ಬೆಲ್ಟು ಸರಿಯಾಗಿಯೇ ಇತ್ತು

ಆ ಯಂತ್ರ ಈಗಲೂ ನನ್ನ ಹತ್ತಿರ ಇದೆ. ಬೂದು ಬಣ್ಣದ ಪೆಟ್ಟಿಗೆ, ಮೇಲೆ ಕ್ಯಾಸೆಟ್ ಹಾಕುವ ಜಾಗ, ಹಿಂದಿನಿಂದ ಇಳಿದ ವಯರಿನ ತುದಿಗೆ ಕಾಲಿನಿಂದ ಒತ್ತುವ ಪೆಡಲು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ನಾಲ್ಕು ಮಾತು ಹಿಂದಕ್ಕೆ ಹೋಗುತ್ತದೆ. ಅಣ್ಣ ಹೋದ ಮೇಲೆ ಅದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಮನೆಯವರು ಎರಡು ಸಲ ಹೇಳಿದರು. ಕೊಡಲಿಲ್ಲ. ಅದು ನನಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅದನ್ನು ನಂಬದೆ ಹೋದದ್ದು ನಾನು.

ಅಣ್ಣ ಕಾರವಾರದ ಕೋರ್ಟಿನಲ್ಲಿ ಸ್ಟೆನೋ ಆಗಿದ್ದ. ಅಂಕೋಲೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ತಿರುಗಿ ಬರುವವನು. ನನಗಿಂತ ಹನ್ನೊಂದು ವರ್ಷ ದೊಡ್ಡವನು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತಾಗ ಅವನೇ ಶಾರ್ಟ್‌ಹ್ಯಾಂಡ್ ಕಲಿಸಲು ಶುರು ಮಾಡಿದ. ನಿಮಿಷಕ್ಕೆ ಅರವತ್ತು ಪದದ ವೇಗಕ್ಕೆ ಬರುವಷ್ಟರಲ್ಲಿ ಮದುವೆಯಾಯಿತು, ಮಸ್ಕತ್ತಿಗೆ ಹೋದೆ. ಕಲಿತದ್ದು ಅಲ್ಲಿಗೇ ನಿಂತಿತು.

ಮೂರು ವರ್ಷ ಕಳೆದ ಮೇಲೆ, ಮನೆಯವರ ಕಂಪನಿಯ ಆಫೀಸಿನಲ್ಲಿ ಸ್ಟೆನೋ ಜಾಗ ಒಂದು ಖಾಲಿಯಾಗುವುದಿದೆ ಎಂದು ತಿಳಿಯಿತು. ಪರೀಕ್ಷೆ ಇಡುತ್ತಾರೆ, ನೂರರ ವೇಗ ಬೇಕು. ಮನೆಯವರ ಕೆಲಸವೇ ಆ ವರ್ಷ ಗಟ್ಟಿ ಇರಲಿಲ್ಲ. ನಾನು ಅಭ್ಯಾಸಕ್ಕೆ ಬೇಕಾದ ಸಾಮಾನು ಹುಡುಕಲು ಹೊರಟೆ. ಪುಸ್ತಕದಂಗಡಿಯವನು ನಾನು ಕೇಳಿದ್ದನ್ನು ಅರ್ಥಮಾಡಿಕೊಳ್ಳಲೇ ಇಲ್ಲ. ದೊಡ್ಡ ಅಂಗಡಿಯಲ್ಲಿ ಪೆಡಲಿನ ಯಂತ್ರ ಇತ್ತು, ಅದರ ಬೆಲೆ ಕೇಳಿ ಮನೆಯವರು ನನ್ನ ಕೈ ಹಿಡಿದು ಹೊರಗೆ ಕರೆತಂದರು. ಊರಿಗೆ ಮರಳುವ ಜನ ಮಾರುವ ಸಾಮಾನಿನ ಚೀಟಿಗಳನ್ನು ಕಿರಾಣಿ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದರು. ವಾರವಾರ ಹೋಗಿ ಓದುತ್ತಿದ್ದೆ. ಮಂಚ, ಫ್ರಿಜ್ಜು, ಮಗುವಿನ ತಳ್ಳುಗಾಡಿ. ನನಗೆ ಬೇಕಾದದ್ದು ಯಾರ ಮನೆಯಲ್ಲೂ ಇರಲಿಲ್ಲ. ಬೆರಳಿನಿಂದ ಒತ್ತಿ ಬರೆಯುವ ಸ್ಟೆನೋ ಮಶೀನು ಇರುತ್ತದಂತೆ, ಅದು ಹಳತು ಸಿಕ್ಕೀತೇ ಎಂದು ಅಣ್ಣನಿಗೆ ಫೋನಿನಲ್ಲಿ ಕೇಳಿದೆ.

"ಎರಡು ಕಿವಿ, ಒಂದು ಪೆನ್ಸಿಲು. ಅದಕ್ಕಿಂತ ಸಸ್ತಾ ಮಶೀನು ಇಲ್ಯೇ ತಂಗೀ" ಎಂದ. ಆಮೇಲೆ, "ರಜೆಗೆ ಬಾ. ಕಾರವಾರದಲ್ಲಿ ಬಾಯೋರು ಕ್ಲಾಸು ಮುಚ್ತಿದ್ರು. ನೋಡ್ವ" ಎಂದ.

ಬಾಯೋರೆಂದರೆ ಟೀಚರಮ್ಮ, ಅಣ್ಣನಿಗೆ ಶಾರ್ಟ್‌ಹ್ಯಾಂಡ್ ಕಲಿಸಿದವರು. ಕಾರವಾರದಲ್ಲಿ ಒಂದು ಮಹಡಿಯ ಮೇಲೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಮಕ್ಕಳು ಬರುವುದು ನಿಂತಿತ್ತು. ನಾವು ಹೋದಾಗ ಟೈಪ್‌ರೈಟರುಗಳಿಗೆಲ್ಲ ಹಳೆ ಸೀರೆ ಹೊದೆಸಿ ಗೋಡೆಗೆ ಸಾಲಾಗಿ ಇಟ್ಟಿದ್ದರು. ಮೆಟ್ಟಿಲು ಹತ್ತುವಾಗ ಅಣ್ಣ ನಡುವೆ ಒಮ್ಮೆ ನಿಂತ. ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುವವನ ಹಾಗೆ ಬಗ್ಗಿದ. ಅವನ ಚಪ್ಪಲಿಗೆ ಪಟ್ಟಿ ಇರಲಿಲ್ಲ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

"ಕಾಯ್ ರೇ, ಕೋರ್ಟಿನ ಸಾಹೇಬಾ! ಗುರುಗಳ ನೆನಪು ಸಾಮಾನು ಮಾರುವಾಗಲೇ ಬಂತಾ?" ಬಾಯೋರು ಕುರ್ಚಿಯಿಂದಲೇ ಕೂಗಿದರು.

"ಸಾಮಾನಿಗಲ್ಲ ಬಾಯೋರೇ, ನಿಮ್ಮ ಚಾಕ್ಕೆ ಬಂದದ್ದು."

"ಸುಳ್ಳ. ಸಣ್ಣವನಿದ್ದಾಗಲೂ ಹಿಂಗೇ. ಎಂಬತ್ತು ಬರೆದು ನೂರು ಅಂತಿದ್ದ."

ಅವರು ಕಪಾಟಿನಿಂದ ಈ ಯಂತ್ರ ತೆಗೆದು ಧೂಳು ಒರೆಸಿದರು. ಜೊತೆಗೆ ಒಂದು ಡಜನ್ ಖಾಲಿ ಕ್ಯಾಸೆಟ್ಟು, ಪಾಠದ ಪುಸ್ತಕ. ಬೆಲೆಯ ಮಾತಿನಲ್ಲಿ ಹೆಚ್ಚು ಎಳೆದಾಟ ಆಗಲಿಲ್ಲ. ಹೊರಡುವಾಗ ನನಗೆ ಹೇಳಿದರು: "ಒಂದು ಮಾತು ನೆನಪಿಟ್ಟುಕೊ ಮಗಳೇ. ಒಳಗೆ ರಬ್ಬರಿನ ಬೆಲ್ಟು ಇದೆ, ಹಳತು. ಒಂದಲ್ಲ ಒಂದು ದಿವಸ ಸಡಿಲ ಆಗ್ತದೆ. ಆವಾಗ ಸ್ವರ ಎಳೆಯೂಕೆ ಶುರು ಮಾಡ್ತದೆ, ಭಾರ ಆಗ್ತದೆ. ಹೆದರಬೇಡ. ಬೆಲ್ಟು ಹಾಕಿಸು, ಸಾಕು."

ನಾನು ತಲೆಯಾಡಿಸಿದೆ. ಅಣ್ಣ ಪೆಟ್ಟಿಗೆ ಎತ್ತಿಕೊಳ್ಳಲು ಬಂದ. ಬಾಯೋರು, "ಅವಳೇ ಹೊರಲಿ, ಅವಳದ್ದೇ ಅಲ್ಲಾ?" ಎಂದರು. ಅವನನ್ನು ನೋಡುತ್ತಾ ಹೇಳಿದರು. ನನ್ನನ್ನಲ್ಲ.

ನಾನು ಮಸ್ಕತ್ತಿಗೆ ಮರಳಿದ ಮೇಲೆ ವ್ಯವಸ್ಥೆ ಹೀಗಿತ್ತು. ಅಣ್ಣ ಅಂಕೋಲೆಯ ಮನೆಯಲ್ಲಿ ಕೂತು, ಪುಸ್ತಕದ ಪಾಠಗಳನ್ನು ಗಡಿಯಾರ ನೋಡುತ್ತಾ ಟೇಪ್‌ರೆಕಾರ್ಡರಿಗೆ ಓದುತ್ತಿದ್ದ. ಪ್ರತಿ ಕ್ಯಾಸೆಟ್ಟಿನ ಮೇಲೆ ವೇಗದ ಅಂಕಿ ಬರೆಯುತ್ತಿದ್ದ. ಊರಿಂದ ಬರುವವರ ಕೈಯಲ್ಲಿ ಅತ್ತಿಗೆ ಅದನ್ನು ಒಣ ಸೆಟ್ಲಿ ಸಿಗಡಿಯ ಪೊಟ್ಟಣದ ಜೊತೆ ಕಳಿಸುತ್ತಿದ್ದಳು. ಪಾಠ ಮುಗಿದ ಕ್ಯಾಸೆಟ್ಟುಗಳನ್ನು ನಾನು ಊರಿಗೆ ಹೋಗುವವರ ಕೈಯಲ್ಲಿ ವಾಪಸ್ ಕಳಿಸುತ್ತಿದ್ದೆ. ಅಣ್ಣ ಅದರ ಮೇಲೆಯೇ ಹೊಸ ಪಾಠ ತುಂಬುತ್ತಿದ್ದ. ಹೊಸದು ಕೊಳ್ಳುವುದು ಯಾಕೆ, ಇದ್ದದ್ದೇ ತಿರುಗಲಿ ಎಂದು ಹೇಳಿದವಳು ನಾನೇ. ಎಪ್ಪತ್ತರ ವೇಗದ ಮೇಲೆ ಎಂಬತ್ತು ಬಂತು, ಎಂಬತ್ತರ ಮೇಲೆ ತೊಂಬತ್ತು. ಹಿಂದಿನ ಸ್ವರ ಅಳಿಸಿಯೇ ಮುಂದಿನದು ಬರುತ್ತಿತ್ತು. ಹಾಗಾಗಿ ಹೋಲಿಸಿ ನೋಡಲು ನನ್ನ ಹತ್ತಿರ ಹಳೆಯದೊಂದೂ ಉಳಿಯಲಿಲ್ಲ.

ಮಧ್ಯಾಹ್ನ ಮನೆಯವರು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಪಕ್ಕ ಮೇಜು ಎಳೆದುಕೊಂಡು ಕೂರುತ್ತಿದ್ದೆ. ಪೆಡಲು ಒತ್ತಿದರೆ ಮೊದಲು ಅಂಕೋಲೆಯ ಮನೆಯ ಸದ್ದು ಕೇಳುತ್ತಿತ್ತು. ಅತ್ತಿಗೆ ಪಾತ್ರೆ ಇಡುವುದು, ಕಾಗೆ, ರಸ್ತೆಯ ಲಾರಿ. ಆ ವರ್ಷಗಳಲ್ಲಿ ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಹಗಲಿಡೀ ಹೋಗುತ್ತಿದ್ದವು. ಕ್ಯಾಸೆಟ್ಟಿನ ಪೆಟ್ಟಿಗೆ ತೆರೆದರೆ ಮೂಲೆಯಲ್ಲಿ ಸ್ವಲ್ಪ ಕೆಂಪು ಧೂಳು ಇರುತ್ತಿತ್ತು. ನಂತರ ಅಣ್ಣನ ಸ್ವರ: "ವೇಗ ತೊಂಬತ್ತು. ಶುರು." ತಮ್ಮ ಪತ್ರ ತಲುಪಿತು, ತಾವು ಕಳಿಸಿದ ಸರಕಿನಲ್ಲಿ ಕೊರತೆ ಕಂಡುಬಂದಿದೆ, ಹೀಗೆ ಪುಸ್ತಕದ ಇಂಗ್ಲಿಷ್ ಪತ್ರಗಳು.

ನಡುವೆ ಕೆಮ್ಮುತ್ತಿದ್ದ. ನಾನು ಬರೆಯುತ್ತಾ ಹೋಗುತ್ತಿದ್ದೆ. ಅವನು ನನಗೆ ಕಲಿಸಿದ ಮೊದಲ ಪಾಠವೇ ಅದು. ಅಂಕೋಲೆಯ ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದ್ದ: "ಸಾಕ್ಷಿ ಕಟ್ಟೆಯಲ್ಲಿ ನಿಂತವ ಕೆಮ್ಮಲಿ, ಅಳಲಿ, ಉಸಿರು ಬಿಡಲಿ, ನಿನಗೆ ಅದು ಬೇಡ. ಮಾತು ಮಾತ್ರ ನಿಂದು. ಬೇರೆ ಕೇಳಿದ್ಯೋ, ಕೈ ತಪ್ತದೆ." ಸ್ಟೆನೋ ಕಿವಿ ಅಂದರೆ ಬೇಡದ್ದನ್ನು ಬಿಡಲು ಕಲಿತ ಕಿವಿ. ನಾನು ಅದನ್ನು ಚೆನ್ನಾಗಿ ಕಲಿತೆ. ಅಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಕಲಿಯಲಿಲ್ಲ.

ಹೊಸ ವರ್ಷದ ಹೊತ್ತಿಗೆ "ವೇಗ ನೂರು" ಎಂದು ಬರೆದ ಕ್ಯಾಸೆಟ್ಟು ಬಂತು. ಹೆದರುತ್ತಾ ಪೆನ್ಸಿಲು ಹಿಡಿದೆ. ಮೊದಲ ದಿನವೇ ಪಾಠ ಪೂರ್ತಿ ಸಿಕ್ಕಿತು, ತಪ್ಪು ಮೂರೋ ನಾಲ್ಕೋ. ಕೈ ಎಲ್ಲೂ ಓಡಬೇಕಾಗಿ ಬರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಫೋನು ಮಾಡಿ ಹೇಳಿದೆ.

"ಅಡ್ಡಿಲ್ಲ" ಎಂದ. ಕೆಮ್ಮಿ ಗಂಟಲು ಸರಿ ಮಾಡಿಕೊಂಡ. "ಫೋನಿಗೆ ಎಂತಕ್ಕೆ ದುಡ್ಡು ಹಾಕ್ತೆ? ಕ್ಯಾಸೆಟ್ಟಲ್ಲಿ ಮಾತಾಡ್ವ." ಫೋನು ಅತ್ತಿಗೆಯ ಕೈಗೆ ಹೋಯಿತು. ಅವಳು ಸೆಟ್ಲಿ ಒಣಗಿಸಿದ ಮಾತಾಡಿದಳು. ನಗಲು ಹೋಗಿ ಮಾತು ನಿಲ್ಲಿಸಿದಳು.

ಅದರ ಮುಂದಿನ ಕ್ಯಾಸೆಟ್ಟಿನಲ್ಲಿ ಸ್ವರ ಎಳೆಯುತ್ತಿತ್ತು. ಭಾರವಾಗಿತ್ತು, ವಾಕ್ಯದ ಕೊನೆಗೆ ಬರುವಾಗ ಕೆಳಗಿಳಿಯುತ್ತಿತ್ತು. ಸಾಲಿನ ನಡುವೆ ಆಗಾಗ "ಟಕ್" ಎಂದು ಸದ್ದು. ನನಗೆ ಕೂಡಲೇ ಬಾಯೋರ ಮಾತು ನೆನಪಾಯಿತು. ಬೆಲ್ಟು. ಹಳೆಯ ಸಾಮಾನು ಕೊಂಡರೆ ಇದೇ ಕಷ್ಟ ಎಂದುಕೊಂಡು ಎರಡು ವಾರ ಹಾಗೆಯೇ ತಳ್ಳಿದೆ. ಪರೀಕ್ಷೆ ಹತ್ತಿರ ಬಂದಿತ್ತು. ರಿಪೇರಿಗೆ ಕೊಟ್ಟರೆ ಯಂತ್ರ ಯಾವಾಗ ತಿರುಗಿ ಬರುತ್ತದೋ ಎಂಬ ಚಿಂತೆ. ಇನ್ನೊಂದು ಕ್ಯಾಸೆಟ್ಟು ಬಂತು. ಅದರಲ್ಲಿ ಎಳೆತ ಇನ್ನೂ ಹೆಚ್ಚು. "ಟಕ್" ಎಂಬ ಸದ್ದು ಪ್ರತಿ ಎರಡು ಸಾಲಿಗೆ. ಕ್ಯಾಸೆಟ್ಟಿನ ಮೇಲಿನ ಅಂಕಿ: ನೂರಹತ್ತು. ಅದನ್ನೂ ಬರೆದು ಮುಗಿಸಿದೆ, ಹೆಮ್ಮೆಯಿಂದ.

ಕೊನೆಗೆ ಒಂದು ಗುರುವಾರ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿಯವನ ಹತ್ತಿರ ಹೋದೆ. ಕೇರಳದವನು, ನನ್ನನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ. ಬೆಲ್ಟು ಸಡಿಲವಾಗಿದೆ, ಬದಲಿಸಬೇಕು ಎಂದೆ. ಅವನು ತಿರುಪು ಬಿಚ್ಚಿ ಒಳಗೆ ನೋಡಿದ. ಬೆರಳಿನಿಂದ ಬೆಲ್ಟು ಎಳೆದು ಬಿಟ್ಟ. ತನ್ನ ಮೇಜಿನ ಮೇಲಿದ್ದ ಹಾಡಿನ ಕ್ಯಾಸೆಟ್ಟು ಹಾಕಿದ. ಹಾಡು ಸರಿಯಾಗಿ ಬಂತು. ಅವನು ಜೊತೆಗೆ ಗುನುಗಿದ, ಒಂದು ತಾಳವೂ ಹಿಂದೆ ಬೀಳಲಿಲ್ಲ. ಆಮೇಲೆ ನನ್ನ ಕ್ಯಾಸೆಟ್ಟು ಹಾಕಿದ.

ಆ ಚಿಕ್ಕ ಅಂಗಡಿಯಲ್ಲಿ ಅಣ್ಣನ ಸ್ವರ ಬಂತು. ತಮ್ಮ ಪತ್ರ. ಉಸಿರು. ತಲುಪಿತು. ಉಸಿರು. ಟಕ್.

ಅವನು ಗುನುಗುವುದನ್ನು ನಿಲ್ಲಿಸಿದ. ಸ್ವಲ್ಪ ಕೇಳಿ, ಹಿಂದಿಯಲ್ಲಿ ಹೇಳಿದ: "ಚೇಚಿ, ಬೆಲ್ಟು ಸರಿ ಇದೆ. ಮಶೀನು ಸರಿ ಇದೆ. ಈ ಟಕ್ ಅನ್ನುವುದು ನಿಮ್ಮ ಮಶೀನಿಂದ ಅಲ್ಲ, ಅಲ್ಲಿ ಅವರು ನಿಲ್ಲಿಸಿ ನಿಲ್ಲಿಸಿ ತುಂಬಿದ್ದು. ಯಾರು ಇವರು? ಇವರಿಗೆ ಹುಷಾರಿಲ್ಲವಾ?"

ಕೂಲಿ ಬೇಡ ಎಂದ. ಮನೆಗೆ ಬಂದು ಗಡಿಯಾರ ಎದುರಿಗಿಟ್ಟುಕೊಂಡು ಪದ ಎಣಿಸಿದೆ. ನೂರಹತ್ತು ಎಂದು ಬರೆದದ್ದು ಅರವತ್ತನ್ನೂ ಮುಟ್ಟಿರಲಿಲ್ಲ. ಮದುವೆಗೆ ಮೊದಲು ನಾನು ಎಲ್ಲಿ ನಿಂತಿದ್ದೆನೋ ಅಲ್ಲೇ ಇದ್ದೆ. ಅಷ್ಟು ತಿಂಗಳಲ್ಲಿ ಒಮ್ಮೆಯೂ ಎಣಿಸಿ ನೋಡಿರಲಿಲ್ಲ. ಕೋರ್ಟಿನ ಸ್ಟೆನೋ ಬರೆದ ಅಂಕಿಯನ್ನು ಎಣಿಸಿ ನೋಡುವುದುಂಟೇ?

ಅತ್ತಿಗೆಗೆ ಫೋನು ಮಾಡಿದೆ. ನಾನು ಕೇಳುವ ಮೊದಲೇ ಅತ್ತುಬಿಟ್ಟಳು. ಹೃದಯ ಸೋತಿದೆ ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಕೋರ್ಟಿಗೆ ರಜೆ ಹಾಕಿದ್ದ. "ಪರೀಕ್ಷೆ ಆಗುವ ತನಕ ಹೇಳಬೇಡ ಅಂತ ತಮ್ಮ ತಲೆ ಮೇಲೆ ನನ್ನ ಕೈ ಇಟ್ಟುಕೊಂಡು ಆಣೆ ಹಾಕಿಸಿದ್ರು ತಂಗೀ" ಎಂದಳು. ಒಂದೆರಡು ಸಾಲು ಓದಿ, ಗುಂಡಿ ಒತ್ತಿ ನಿಲ್ಲಿಸಿ, ಗೋಡೆಗೆ ಒರಗಿ ಕೂತು, ಉಸಿರು ತಿರುಗಿದ ಮೇಲೆ ಮುಂದಿನ ಸಾಲು. ಐದು ನಿಮಿಷದ ಪಾಠಕ್ಕೆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತಂತೆ.

ಪರೀಕ್ಷೆಗೆ ಹೋಗಲಿಲ್ಲ. ಗೋವಾಕ್ಕೆ ಬಂದಿಳಿದು ನೆಟ್ಟಗೆ ಕಾರವಾರದ ಆಸ್ಪತ್ರೆಗೆ ಹೋದೆ. ಅಣ್ಣ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕಾಲು ಊದಿದ್ದವು. ನನ್ನನ್ನು ನೋಡಿ ಹುಬ್ಬು ಏರಿಸಿದ.

"ನೂರು ಬಂತಾ?"

"ಬಂತು ಅಣ್ಣಾ."

ನನ್ನ ಮುಖ ನೋಡುತ್ತಾ ಇದ್ದ. "ಸುಳ್ಳಿ" ಎಂದ. ಉಸಿರು ತೆಗೆದುಕೊಂಡ. "ಅದನ್ನೂ... ನನ್ನ ಹತ್ರವೇ ಕಲಿತ್ಯಾ?"

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾವು ಮೂವರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ. ಮೂರನೆಯ ದಿನ ಬೆಳಿಗ್ಗೆ, ಅತ್ತಿಗೆ ಗಂಜಿ ತರಲು ಹೋಗಿದ್ದಾಗ, ಅವನು ತೀರಿಕೊಂಡ. ನಾನು ಪಕ್ಕದಲ್ಲಿಯೇ ಇದ್ದೆ. ಆಗ ಮಾತ್ರ ಪ್ರತಿ ಉಸಿರನ್ನೂ ಕೇಳುತ್ತಿದ್ದೆ. ಒಂದು ಉಸಿರಿನ ನಂತರ ಇನ್ನೊಂದಕ್ಕೆ ಕಾದೆ. ಬರಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೋದ ಮೇಲೆ ಅತ್ತಿಗೆ ಮೇಜಿನ ಖಾನೆಯಿಂದ ಒಂದು ಕ್ಯಾಸೆಟ್ಟು ತಂದುಕೊಟ್ಟಳು. ಕಳಿಸಲು ಯಾರೂ ಸಿಗದೆ ಉಳಿದದ್ದು. ಮೇಲೆ ಅಣ್ಣನ ಅಕ್ಷರದಲ್ಲಿ ನೂರಿಪ್ಪತ್ತು ಎಂದಿತ್ತು. ಅಂಕಿ ಸ್ವಲ್ಪ ಓರೆಯಾಗಿತ್ತು.

"ಎಂತ ಹೇಳಿದ್ರು ಅಂತ ನನಗೆ ತಿಳಿಯೂದಿಲ್ಲ, ಇಂಗ್ಲಿಷು. ನೀ ಬರೆದು ಕನ್ನಡದಲ್ಲಿ ಓದು" ಎಂದಳು.

ಅವನು ಓದಿ ತುಂಬಿದ ಟೇಪ್‌ರೆಕಾರ್ಡರಿಗೇ ಹಾಕಿದೆ. ಮಧ್ಯಾಹ್ನ. ಹೊರಗೆ ಲಾರಿ ಹೋಗುತ್ತಿತ್ತು, ಕ್ಯಾಸೆಟ್ಟಿನ ಒಳಗೂ ಹೋಗುತ್ತಿತ್ತು. ಪೆನ್ಸಿಲು ಹಿಡಿದು ಬರೆದೆ. ಈ ಸಲ ಅವನ ಮೊದಲ ಪಾಠವನ್ನು ಮುರಿದೆ. ಕೆಮ್ಮಿದ ಕಡೆ, ಉಸಿರೆಳೆದ ಕಡೆ, ಟಕ್ ಎಂದ ಕಡೆ ಜಾಗ ಖಾಲಿ ಬಿಟ್ಟೆ. ಅದಕ್ಕೆ ಶಾರ್ಟ್‌ಹ್ಯಾಂಡಿನಲ್ಲಿ ಗುರುತಿಲ್ಲ. ಎರಡು ಪುಟದಲ್ಲಿ ಹಿಡಿಯಬೇಕಾದ ಪತ್ರ ಏಳು ಪುಟವಾಯಿತು.

ನಂತರ ಓದಿ ಹೇಳಿದೆ. ಅದು ಸರಕಿನ ಪತ್ರ. ತಾವು ಕಳಿಸಿದ ಪೆಟ್ಟಿಗೆಗಳು ತಲುಪಿದವು, ಅದರಲ್ಲಿ ಎರಡು ಒಡೆದಿದ್ದವು, ಉಳಿದದ್ದನ್ನು ಒಪ್ಪಿಸಿಕೊಂಡಿದ್ದೇವೆ. ಖಾಲಿ ಜಾಗ ಬಂದಲ್ಲಿ ನಾನು ಅಷ್ಟೇ ಹೊತ್ತು ಸುಮ್ಮನಿರುತ್ತಿದ್ದೆ. ಅತ್ತಿಗೆ ನೆಲದ ಮೇಲೆ ಕೂತು ಮೊಣಕಾಲಿನ ಮೇಲೆ ಗಲ್ಲ ಊರಿ ಕೇಳುತ್ತಿದ್ದಳು. ಮೂರನೆಯ ಪುಟಕ್ಕೆ ಬಂದಾಗ ಕೈ ಅಡ್ಡ ಹಿಡಿದಳು.

"ಬೇಗ ಓದು ತಂಗೀ" ಎಂದಳು. "ಅವರ ಹಂಗೆ ನಿಲ್ಲಿಸಬೇಡ. ಆರು ತಿಂಗಳು ಕೇಳಿದ್ದೇನೆ ಅದನ್ನ."

ಜಾಗ ಬಿಟ್ಟದ್ದನ್ನೆಲ್ಲ ದಾಟಿ, ಬರೀ ಮಾತು ಓದಿದೆ. ಪತ್ರ ಬಹಳ ಬೇಗ ಮುಗಿದುಹೋಯಿತು.