ಸೂರ್ಯ ಮುಳುಗುವ ಮುನ್ನಿನ ಅರ್ಧ ಗಂಟೆ

ಅಂಗಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗುಂಡಿ ಹಚ್ಚಿದವಳಿಗೆ ಗುಂಡಿಯಕ್ಕ ಎಂದೇ ಹೆಸರು ಬಿದ್ದಿತ್ತು. ಮೂರು ಗಂಟೆಯವರೆಗೆ ಕಾರ್ಖಾನೆಯ ಸ್ಟೂಲು, ಆಮೇಲೆ ಮನೆಯ ಒಲೆ. ಇಷ್ಟರ ನಡುವೆ ಅವಳ ಹೃದಯ ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪಿಸಿದರೆ ಅದನ್ನು ಬೈಯುವಂತಿರಲಿಲ್ಲ.

ಗಂಡ ಬೀಗ ರಿಪೇರಿಯವನು. ಅವನಿಗೂ ಸಕ್ಕರೆ ಕಾಯಿಲೆ, ಅವಳಿಗೂ ಸಕ್ಕರೆ ಕಾಯಿಲೆ. ಮೂವತ್ತು ವರ್ಷದ ಸಂಸಾರದಲ್ಲಿ ಇಬ್ಬರೂ ಸಮಪಾಲು ಹಂಚಿಕೊಂಡದ್ದು ಅದೊಂದನ್ನೇ. ರಂಜಾನಿಗೆ ಮುಂಚೆ ಡಾಕ್ಟರಮ್ಮ ಇಬ್ಬರ ಮಾತ್ರೆಯ ಹೊತ್ತನ್ನೂ ಬದಲಿಸಿ ಹೇಳಿದರು: "ರೋಜಾ ಉಪವಾಸ ಅಂತ ಹಗಲೆಲ್ಲ ಮಲಗಬೇಡಿ. ಸಂಜೆ ರೋಜಾ ಬಿಡೋಕೆ ಮುಂಚೆ ಅರ್ಧ ಗಂಟೆ ನಿಧಾನಕ್ಕೆ ನಡೀರಿ, ಹೃದಯಕ್ಕೂ ಸಕ್ಕರೆಗೂ ಒಳ್ಳೇದು. ತಲೆ ಸುತ್ತಿದ್ರೆ ನಿಲ್ಲಿಸಿ ಏನಾದ್ರೂ ಬಾಯಿಗೆ ಹಾಕ್ಕೊಳ್ಳಿ."

ಮೊದಲ ದಿನ ಅವಳೂ ಹೋದಳು. ಗಾಳಿಗೆ ಎದೆ ಹಗುರಾಗಿ, ನಾಳೆಯೂ ಬರಬೇಕು ಎನ್ನಿಸಿತು. ಒಂಬತ್ತು ಜನರ ಅಡುಗೆ ಮಾತ್ರ ಐದು ನಿಮಿಷ ತಡವಾಯಿತು. ಉಪವಾಸದಲ್ಲಿ ರುಚಿ ನೋಡದೆ ಹಾಕಿದ ಉಪ್ಪೂ ಕಮ್ಮಿಯಾಗಿತ್ತು.

ಗಂಡ ತಟ್ಟೆಯನ್ನು ದೂರ ಸರಿಸಿದ. "ಉಪವಾಸ ಇದ್ದೋರನ್ನ ಕಾಯಿಸ್ತೀಯಲ್ಲ, ನಿನ್ನ ರೋಜಾ ಯಾವ ಸೀಮೆದು?"

"ಈ ವಯಸ್ಸಲ್ಲಿ ಯಾರಿಗೆ ತೋರಿಸೋಕಪ್ಪಾ ಈ ವಾಕಿಂಗು?" ಎಂದರು ಅತ್ತೆ. ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳು ಉಪ್ಪಿನ ಡಬ್ಬಿಯನ್ನು ಆ ಕಡೆಯಿಂದ ಈ ಕಡೆಗೆ ದಾಟಿಸಿಕೊಂಡರು.

ಮಾರನೆಯ ದಿನದಿಂದ ನಡಿಗೆ ಗಂಡನೊಬ್ಬನದಾಯಿತು. ಹೊಸ ಬೂಟು ಹಾಕಿಕೊಂಡು ಅವನು ಹೊರಡುವ ಹೊತ್ತಿಗೆ ಸರಿಯಾಗಿ ಅವಳು ಎರಡನೇ ಒಲೆ ಹಚ್ಚುತ್ತಿದ್ದಳು.

ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆ. ಗಂಡನ ತೂಕ, ಸಕ್ಕರೆ, ಬಿಪಿ ಮೂರೂ ಇಳಿದಿದ್ದವು. ಮದುವೆ ಗಂಡಿನ ಹಾಗೆ ಬೀಗುತ್ತಿದ್ದ. ಅವಳ ಸಕ್ಕರೆ ಏರಿತ್ತು, ಪಾದ ಊದಿತ್ತು.

"ಇಬ್ಬರೂ ಒಂದೇ ಮನೆಯವರು. ನೀವ್ಯಾಕೆ ನಡೀಲಿಲ್ಲ?" ಡಾಕ್ಟರಮ್ಮ ಕೇಳಿದರು.

"ಸೋಮಾರಿ, ಮೇಡಂ. ಕೂತಲ್ಲಿಂದ ಏಳಲ್ಲ," ಎಂದ ಗಂಡ ನಗುತ್ತ.

"ಹಾಗಾದ್ರೆ ಇಲ್ಲೇ ಹೆಂಗಸರ ನಡಿಗೆ ಗುಂಪಿದೆ, ದಿನಾ ಸಂಜೆ. ಹೆಸರು ಬರ್ಕೋತೀನಿ. ಇನ್ನು ಬಿಟ್ರೆ ನಿಮ್ಮ ಹೃದಯ ತಡೆಯಲ್ಲಮ್ಮ."

ಅವಳಿಗೆ ಹೋದ ಜೀವ ಬಂದಂತಾಯಿತು. ಹ್ಞೂಂ ಅನ್ನಲು ಬಾಯಿ ತೆರೆದಳು.

"ಸಂಜೆನಾ?" ಗಂಡನ ನಗು ಅಲ್ಲೇ ಮಾಯವಾಯಿತು. "ಅಯ್ಯೋ, ಇವಳಿಗ್ಯಾಕೆ ಮೇಡಂ? ಒಂದು ಗಳಿಗೆ ಕೂರೋದಿಲ್ಲ. ಇಡೀ ದಿನ ಮನೆ ತುಂಬಾ ಓಡಾಡ್ತಾನೇ ಇರ್ತಾಳೆ."

ಎರಡು ನಿಮಿಷದಲ್ಲಿ ಸೋಮಾರಿ ಓಟಗಾತಿಯಾಗಿಬಿಟ್ಟಿದ್ದಳು. ಡಾಕ್ಟರಮ್ಮ ಪೆನ್ನು ಹಿಡಿದು ಅವಳನ್ನೇ ನೋಡಿದರು. "ಹೌದೇನಮ್ಮ?"

ಒಂಬತ್ತು ತಟ್ಟೆ ಕಣ್ಣೆದುರು ಬಂದವು.

"ಹೌದು ಮೇಡಂ," ಎಂದಳು. ಡಾಕ್ಟರಮ್ಮ ಬರೆದ ಅರ್ಧ ಹೆಸರನ್ನು ಹೊಡೆದುಹಾಕಿ, ಮಾತ್ರೆ ಹೆಚ್ಚಿಸಿ, ಮುಂದಿನವರನ್ನು ಕರೆದರು.

ಗಂಡ ಒಂದು ಬಿಟ್ಟು ಒಂದು ಮೆಟ್ಟಿಲು ಇಳಿದು ಬೀದಿಗೆ ಬಂದಿದ್ದ. ಅವಳು ಇನ್ನೂ ಮೇಲೆ, ಕಂಬಿ ಹಿಡಿದು ಉಸಿರಿಗಾಗಿ ಕಾಯುತ್ತಿದ್ದಳು.

"ಬೇಗ ಬಾರೇ," ಎಂದು ಕೂಗಿದ. "ನನ್ನ ವಾಕಿಂಗಿಗೆ ಹೊತ್ತಾಯ್ತು."