ಮೀನಕ್ಕನ ಬಲಗೈ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಚಿಕ್ಕ ಮನೆಯೊಂದರ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಬದಿಗೆ ಕತ್ತರಿಸಿಟ್ಟ ಬಟ್ಟೆಯ ಗುಡ್ಡೆ, ಎದುರು ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ತೊಟ್ಟಿಯ ಮುಂದೆ ಮೋಟು ಸ್ಟೂಲು ಹತ್ತಿ ನಿಂತ ಹೆಂಗಸಿನ ಬಲಗೈ ಭುಜದವರೆಗೆ ನೀರಿನಲ್ಲಿದೆ. ಆ ಕೈಗೊಂದು ವಿಚಿತ್ರ ಉಡುಪು: ಹಳೆಯ ರೇನ್‌ಕೋಟಿನಿಂದ ಕತ್ತರಿಸಿದ ನೀಲಿ ತೋಳು, ಅದರ ತುದಿಗೆ ಪಾತ್ರೆ ತೊಳೆಯುವ ರಬ್ಬರ್ ಕೈಗವಸು, ಕಂಕುಳ ಹತ್ತಿರ ಬಿಗಿಯಾದ ಎಲಾಸ್ಟಿಕ್. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅಂಥದ್ದೇ ಇನ್ನೊಂದು ತೋಳು ಅರ್ಧ ಹೊಲಿದು ನಿಂತಿದೆ, ಇದಕ್ಕಿಂತ ಉದ್ದದ್ದು. ನೋಡಿದವರಿಗೆ ನಗು ಬರಬೇಕು. ಈ ತೋಳಿಗಾಗಿ ಆಕೆ ವರ್ಷಗಟ್ಟಲೆ ದುಡಿದ ಕೆಲಸವನ್ನೇ ಕಳೆದುಕೊಂಡರು ಎಂದು ತಿಳಿದ ಮೇಲೆ ನಗು ಬರುವುದಿಲ್ಲ.

"ಏನ್ ಸಾಹುಕಾರ್ರೇ, ಸ್ವಲ್ಪ ಆ ಕಡೆ ಸರೀತೀರಾ? ನಿಮ್ಮ ಅರಮನೆ ಗುಡಿಸಬೇಕು," ಎನ್ನುತ್ತಾರೆ ಆಕೆ. ಸಾಹುಕಾರನೆಂದರೆ ಕಪ್ಪು ಪಟ್ಟೆಗಳ ಕಡುನೀಲಿ ಗಂಡು ಮೀನು. ಅದು ಸರಿಯುವುದಿಲ್ಲ, ರಬ್ಬರ್ ಬೆರಳಿಗೇ ಬಂದು ಗುದ್ದುತ್ತದೆ. "ಗುದ್ದು, ಗುದ್ದು. ನಿನ್ನಂಥ ಯಜಮಾನ್ರನ್ನ ಎಷ್ಟು ಜನಾನ ನೋಡಿಲ್ಲ ನಾನು!" ಒಳಗಿನಿಂದ ಟೀ ಲೋಟ ಹಿಡಿದು ಬಂದ ಮನೆಯೊಡತಿ, ಈ ಬೀದಿಗೆಲ್ಲ ಟೈಲರಮ್ಮ, "ಅವನ ಜೊತೆ ಜಗಳ ಆಮೇಲೆ ಆಡಕ್ಕಾ. ಟೀ ಆರಿಹೋಗುತ್ತೆ," ಎಂದು ಗದರುತ್ತಾರೆ.

ಹೋದ ಮನೆಯಲ್ಲೆಲ್ಲ ಆಕೆ ಮೀನಕ್ಕ. ಕೊನೆಗೆ ಸ್ವಂತ ಮನೆಯಲ್ಲೂ ಮೀನಕ್ಕನೇ ಆದರು. ಜನರು ಮನೆಯ ಅಂದಕ್ಕೆಂದು ಇಟ್ಟುಕೊಳ್ಳುವ ಮೀನಿನ ತೊಟ್ಟಿಗಳನ್ನು ಕೂರಿಸುವುದು, ತೊಳೆಯುವುದು, ಕಾಯುವುದು ಆಕೆಯ ಕೆಲಸ. ಅದರಲ್ಲೂ ಸಿಕ್ಲಿಡ್ ಎಂಬ ಜಾತಿಯ ಮೀನುಗಳ ತೊಟ್ಟಿ ಎಂದರೆ ಆಕೆಯೇ ಬರಬೇಕು. ಗಡಸು ನೀರಿನ ಸರೋವರಗಳ ಬಂಡೆ ಸಂದಿಗಳಲ್ಲಿ ಬಾಳಿದ ವಂಶ ಅವುಗಳದು. ಬಣ್ಣ ನೋಡಿದರೆ ಕಣ್ಣು ತುಂಬುತ್ತದೆ, ಸ್ವಭಾವ ನೋಡಿದರೆ ಸಾಕಪ್ಪಾ ಸಾಕು ಅನ್ನಿಸುತ್ತದೆ. ಪ್ರತಿಯೊಂದಕ್ಕೂ ತನ್ನದೇ ಸಂದಿ, ತನ್ನದೇ ಗಡಿ. ಗಡಿ ದಾಟಿದವರ ರೆಕ್ಕೆ ಹರಿಯುತ್ತದೆ.

ಅದಕ್ಕೇ ಇವುಗಳ ತೊಟ್ಟಿಗೆ ಕಲ್ಲು ಬೇಕು, ರಾಶಿ ರಾಶಿ ಕಲ್ಲು. ಕಲ್ಲು ಮೊದಲು, ಮರಳು ಆಮೇಲೆ. "ಮರಳಿನ ಮೇಲೆ ಕಲ್ಲಿಟ್ರೆ ಇವು ರಾತ್ರೋರಾತ್ರಿ ಬುಡ ತೋಡ್ತವೆ. ಕಲ್ಲು ಉರುಳುತ್ತೆ, ಗಾಜು ಬಿರಿಯುತ್ತೆ, ಬೆಳಗಾದ್ರೆ ಮನೆ ತುಂಬ ಕೆರೆ," ಎಂದು ಮೀನಕ್ಕ ನಗುತ್ತಾರೆ. ಕಲ್ಲು ಕೂತ ಮೇಲೂ ಮೀನು ಬಿಡುವಂತಿಲ್ಲ. ನೀರು ಹಣ್ಣಾಗಬೇಕು. ಹಳೆಯ ತೊಟ್ಟಿಯೊಂದರ ಫಿಲ್ಟರಿನ ಸ್ಪಂಜನ್ನು ತಂದು ಇದರಲ್ಲಿ ಹಿಂಡಿ, ಖಾಲಿ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತಾ ವಾರಗಟ್ಟಲೆ ಕಾಯಬೇಕು. "ಮನೆಯವರಿಗೆ ತಾಳ್ಮೆ ಇರಲ್ಲ. ಮೀನೆಲ್ಲಿ ಮೀನೆಲ್ಲಿ ಅಂತಾರೆ. ಮನೆಗೆ ಬಂದ ಸೊಸೆನ ಚಪ್ಪಲಿ ಬಿಡೋಕೂ ಮುಂಚೆ ಒಲೆ ಮುಂದೆ ನಿಲ್ಲಿಸಿದ್ರೆ ಹೆಂಗೆ ಸ್ವಾಮಿ ಅಂತ ಕೇಳ್ತೀನಿ."

ಮುಂದೆಯೂ ಅಷ್ಟೆ. ನೀರನ್ನು ಪೂರ್ತಿ ಬದಲಾಯಿಸುವಂತಿಲ್ಲ, ಸ್ವಲ್ಪ ಸ್ವಲ್ಪವೇ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ, ತೊಟ್ಟಿಯಿಂದ ಬಸಿದ ನೀರಲ್ಲೇ ಹಿಂಡಬೇಕು. ಫಳಫಳ ಹೊಳೆಯಲೆಂದು ತೊಳೆದರೆ ಅದರೊಳಗೆ ಕೂತು ಕೊಳೆ ತಿನ್ನುವ, ಕಣ್ಣಿಗೆ ಬೀಳದ ಜೀವಗಳು ಸಾಯುತ್ತವೆ. ಅವುಗಳ ಹಿಂದೆಯೇ ಮೀನುಗಳೂ. ಕಣ್ಣಿಗೆ ಬೀಳದೆ ದುಡಿಯುವವರು ಕೈ ನಿಲ್ಲಿಸಿದರೆ ಯಾರ ಬಣ್ಣವೂ ಉಳಿಯುವುದಿಲ್ಲ ಎಂಬುದನ್ನು ಗಾಜಿನ ತೊಟ್ಟಿ ಒಪ್ಪಿಕೊಂಡಿದೆ. ಗಾಜಿನ ಈಚೆಗೆ ಇರುವ ನಾವು ಇನ್ನೂ ಒಪ್ಪಿಲ್ಲ.

ಹೊಸ ಮೀನು ಬಿಡುವ ದಿನ ಮೀನಕ್ಕ ಇನ್ನೊಂದು ಕೆಲಸ ಮಾಡುತ್ತಾರೆ. ಒಳಗಿನ ಕಲ್ಲುಗಳನ್ನೆಲ್ಲ ಎತ್ತಿ ಜಾಗ ಬದಲಾಯಿಸುತ್ತಾರೆ. "ಇಲ್ದಿದ್ರೆ ಸಾಹುಕಾರ ಹೊಸಬರನ್ನ ಬದುಕೋಕೆ ಬಿಡಲ್ಲ. ಇಡೀ ತೊಟ್ಟಿ ತನ್ನದೇ ಅನ್ನೋ ಭ್ರಮೆ ಅವನಿಗೆ. ಕಲ್ಲು ಅದಲುಬದಲು ಮಾಡಿದ್ರೆ ಯಾವ ಮೂಲೆ ತನ್ನದು ಅಂತಾನೇ ಗೊತ್ತಾಗಲ್ಲ. ಕಣ್ಣು ಕಣ್ಣು ಬಿಡ್ತಿರ್ತಾನೆ. ಅಷ್ಟರಲ್ಲಿ ಬಡಪಾಯಿಗಳು ಒಂದೊಂದು ಸಂದಿ ಹಿಡ್ಕೊಳ್ತವೆ."

ಆಕೆಯ ಕೈ ಗೀರಿದ್ದು ಈ ಕಲ್ಲುಗಳೇ. ಅಂಚು ಒರಟು. ಎತ್ತಿದಾಗಲೆಲ್ಲ ಗೀರು, ಗೀರಿಗೆಲ್ಲ ನೀರು. ಎರಡು ವರ್ಷದ ಹಿಂದೆ ಬಲಗೈ ನಡುಬೆರಳ ಗೆಣ್ಣಿನ ಮೇಲೆ ಕೆಂಪು ಗಂಟೊಂದು ಎದ್ದಿತು. ನೋವಿಲ್ಲ, ಬಿಟ್ಟುಬಿಟ್ಟರು. ಗಂಟು ಒಡೆಯಿತು, ಮಾಗಲಿಲ್ಲ. ಆಮೇಲೆ ಮಣಿಕಟ್ಟಿನ ಹತ್ತಿರ ಇನ್ನೊಂದು, ಅದರ ಮೇಲೆ ಮತ್ತೊಂದು. ಹಗ್ಗಕ್ಕೆ ಗಂಟು ಹಾಕುತ್ತಾ ಹೋದ ಹಾಗೆ ಹುಣ್ಣು ಮೊಣಕೈ ಕಡೆಗೆ ನಡೆಯಿತು.

ಮೀನಕ್ಕನ ಮನೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಒಂಟಿ ಕೋಣೆ. ಗಂಡ ರಾತ್ರಿ ಕಾವಲುಗಾರ. ಅವರು ಬರುವ ಹೊತ್ತಿಗೆ ಇವರು ಹೊರಡುತ್ತಾರೆ, ಬೀದಿಯ ತಿರುವಿನಲ್ಲಿ ಬೀಗದ ಕೈ ಕೈ ಬದಲಾಗುತ್ತದೆ. ಹಾಗೆ ಬೀಗದ ಕೈ ಇಸಿದುಕೊಳ್ಳುವಾಗಲೇ ಗಂಡನಿಗೆ ಹುಣ್ಣು ಮೊದಲು ಕಂಡದ್ದು. ಮನೆಯಲ್ಲಿ ಅತ್ತೆಯೂ ಇದ್ದಾರೆ. ಕಣ್ಣು ಮಂಜು, ನಾಲಿಗೆ ಹರಿತ. "ಮೀನು ಹಿಡಿಯೋರ ಮನೇಲಾದ್ರೂ ತಟ್ಟೆಗೆ ಮೀನು ಬೀಳುತ್ತೆ. ನಮ್ಮ ಸೊಸೆ ತರೋದು ಬರೀ ವಾಸನೆ," ಎನ್ನುತ್ತಲೇ ಆ ಮುದುಕಿ ದಿನಾ ರಾತ್ರಿ ಸೊಸೆಯ ಕೈಗೆ ಮುಲಾಮು ಸವರಿ ಬಟ್ಟೆ ಸುತ್ತುತ್ತಿದ್ದರು.

ಮುಲಾಮು ಬರೆದುಕೊಟ್ಟ ಡಾಕ್ಟರುಗಳು ಒಬ್ಬಿಬ್ಬರಲ್ಲ. ಒಬ್ಬರು ಸಕ್ಕರೆ ಕಾಯಿಲೆ ಎಂದರು. ಇನ್ನೊಬ್ಬರು ಏನೋ ಕಚ್ಚಿರಬೇಕು ಎಂದರು. ಮತ್ತೊಬ್ಬರು ಕೈ ಮುಟ್ಟದೆ, ಮೇಜಿನ ಆಚೆಯಿಂದಲೇ, "ಪಾತ್ರೆ ತೊಳೆಯೋ ಸೋಪು ಬದಲಾಯಿಸಿ," ಎಂದರು. ಬಡ ಹೆಂಗಸಿನ ಕೈ ಕಂಡರೆ ದೊಡ್ಡವರಿಗೆ ನೆನಪಾಗುವುದು ಎಂಜಲು ಪಾತ್ರೆ ಒಂದೇ. ಆ ಕೈಗೊಂದು ಕಸುಬು ಇರಬಹುದು, ಕಸುಬಿಗೊಂದು ಕಾಯಿಲೆ ಇರಬಹುದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಮೀನಕ್ಕನೂ ಬಾಯಿ ಬಿಡಲಿಲ್ಲ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಓದಿದೋರು, ಬೇಕಾದ್ರೆ ಕೇಳ್ತಾರೆ ಅಂದ್ಕೊಂಡೆ."

ಆ ಮುಲಾಮಿನಿಂದಲೇ ಅನಾಹುತ ಆಯಿತು. ಅದೂ ಇದೇ ಟೈಲರಮ್ಮನ ತೊಟ್ಟಿಯಲ್ಲಿ. ಬಟ್ಟೆ ಸುತ್ತಿದ ಕೈಯನ್ನು ಹೊರಗೇ ಇಟ್ಟು ಎಡಗೈಯಲ್ಲಿ ಕೆಲಸ ಸಾಗಿಸಬೇಕು ಎಂದುಕೊಂಡೇ ಅಂದು ಮೀನಕ್ಕ ಸ್ಟೂಲು ಹತ್ತಿದ್ದರು. ಆದರೆ ಕಲ್ಲೊಂದು ಜಾರಿತು. ಜಾರುವ ಕಲ್ಲಿಗೆ ಯಾವ ಕೈ ಮೊದಲು ಹೋಗುತ್ತದೆ? ಬಲಗೈ ತಾನಾಗಿ ನೀರಿಗಿಳಿಯಿತು. ಕಲ್ಲು ಸಿಕ್ಕಿತು, ಗಾಜು ಉಳಿಯಿತು. ಕೈಗೆ ಸುತ್ತಿದ್ದ ಬಟ್ಟೆ ಮಾತ್ರ ಬಿಚ್ಚಿಕೊಂಡು ಕಲ್ಲಿನ ಹಿಂದೆ ಉಳಿದದ್ದು ಗೊತ್ತಾಗಲಿಲ್ಲ. ಕೈ ಒರೆಸಿಕೊಳ್ಳುವಾಗ ಬರಿಗೈ ಕಂಡರೂ, ಬಕೆಟ್ಟಿನ ಕೊಳೆನೀರಿನ ಜೊತೆ ಹೋಗಿರಬೇಕು ಎಂದುಕೊಂಡರು.

ಮಾರನೆಯ ಬೆಳಿಗ್ಗೆ ಟೈಲರಮ್ಮನ ಫೋನು. ಬಂದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿವೆ. ಬಟ್ಟೆ ಫಿಲ್ಟರಿನ ಬಾಯಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಟ್ಟಿತ್ತು. ನೀರಿನ ಮೇಲೆ ಮುಲಾಮಿನ ಎಣ್ಣೆ ಪೊರೆ ಕಟ್ಟಿತ್ತು. ಆ ತೊಟ್ಟಿಯಲ್ಲೊಂದು ಹೆಣ್ಣು ಮೀನು ತನ್ನ ಮರಿಗಳನ್ನು ಬಾಯಲ್ಲಿಟ್ಟುಕೊಂಡಿತ್ತು. ಸಿಕ್ಲಿಡ್‌ಗಳಲ್ಲಿ ಕೆಲವು ತಾಯಂದಿರು ಹೀಗೇ: ಮೊಟ್ಟೆಯಿಂದ ಹಿಡಿದು ಮರಿ ಈಜುವವರೆಗೆ ಎಲ್ಲವೂ ಬಾಯಿಯೊಳಗೆ, ಅಷ್ಟು ದಿನವೂ ಉಪವಾಸ. ಉಸಿರು ಕಟ್ಟಿದಾಗ ಆ ತಾಯಿ ಎಲ್ಲವನ್ನೂ ಉಗಿದುಬಿಟ್ಟಿತ್ತು. ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ತಾಯಿಯೂ ಉಳಿಯಲಿಲ್ಲ.

"ನನ್ನ ಕೈ ಉಳಿಸ್ಕೊಳ್ಳೋಕೆ ಹಚ್ಚಿದ್ದು ಅದರ ಉಸಿರು ತೆಗೀತು," ಎನ್ನುವಾಗ ಮೀನಕ್ಕನ ದನಿ ಇಂದಿಗೂ ಸಣ್ಣಗಾಗುತ್ತದೆ. ಅಂದಿನಿಂದ ಆಕೆ ಮುಲಾಮು ಹಚ್ಚುವುದನ್ನೇ ಬಿಟ್ಟರು. ಬರಿಗೈ, ಬರಿ ಹುಣ್ಣು, ಅದೇ ನೀರು. ತಿಂಗಳು ಕಳೆಯುವಷ್ಟರಲ್ಲಿ ನಡುಬೆರಳು ಮಡಚದಾಯಿತು.

ಕೊನೆಗೆ ದೊಡ್ಡಾಸ್ಪತ್ರೆಗೆ ಎಳೆದೊಯ್ದವರು ಟೈಲರಮ್ಮ. ಚರ್ಮದ ವಿಭಾಗದಲ್ಲಿ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು, ಗಂಟುಗಳ ಸಾಲಿನ ಮೇಲೆ ಬೆರಳಾಡಿಸಿ, "ಏನು ಕೆಲಸ ಮಾಡ್ತೀರಮ್ಮಾ?" ಎಂದು ಕೇಳಿದರು. ಅಷ್ಟೇ. ಆ ಒಂದು ಪ್ರಶ್ನೆಗೆ ಮೀನಕ್ಕ ಅತ್ತುಬಿಟ್ಟರು. ತೊಟ್ಟಿಯ ಬೆಚ್ಚನೆ ನೀರಿನಲ್ಲಿ ಬದುಕುವ ರೋಗಾಣು, ಗೀರಿದ ಚರ್ಮದೊಳಗೆ ಇಳಿಯುತ್ತದೆ, ಈ ಕಸುಬಿನವರಿಗೆ ಬರುವಂಥದ್ದು, ಗುಣವಾಗುತ್ತದೆ ಎಂದರು ಡಾಕ್ಟರಮ್ಮ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಬರಿಗೈ ನೀರಿಗೆ ಹಾಕಲೇಬಾರದು. ಬೆರಳು ಪೂರ್ತಿ ಮಡಚುತ್ತದೆ ಎಂಬ ಭರವಸೆ ಮಾತ್ರ ಕೊಡಲಿಲ್ಲ. ತಡವಾಗಿತ್ತು.

ಭುಜದವರೆಗೆ ಬರುವ ಕೈಗವಸನ್ನು ಆಕೆ ದುಡಿಯುತ್ತಿದ್ದ ಮೀನಿನ ತೊಟ್ಟಿಗಳ ಅಂಗಡಿ ಕೊಡಲಿಲ್ಲ. ಟೈಲರಮ್ಮ ತನ್ನ ರೇನ್‌ಕೋಟಿಗೇ ಕತ್ತರಿ ಹಾಕಿದರು. ಮೊದಲ ತೋಳು ಹೊಲಿಗೆಯಲ್ಲಿ ಸೋರಿತು. "ನನ್ನ ಹೊಲಿಗೆ ಸೋರಿದ್ದು ಜನ್ಮದಲ್ಲಿ ಇದೇ ಮೊದಲು," ಎಂದು ಹಲ್ಲು ಕಚ್ಚಿ ಬಿಚ್ಚಿ, ಮತ್ತೆ ಹೊಲಿದು, ಹೊಲಿಗೆಯ ಮೇಲೆ ಅಂಟುಪಟ್ಟಿ ಇಟ್ಟು ಇಸ್ತ್ರಿ ಹಾಕಿದರು. ಎರಡನೇ ಸಲ ಸೋರಲಿಲ್ಲ.

ತೋಳು ತೊಟ್ಟು ಹೋದ ಮೊದಲ ವಾರವೇ ಶ್ರೀಮಂತರ ಮನೆಯೊಂದರಿಂದ ದೂರು ಬಂತು: ನಮ್ಮ ಮೀನಿಗೆ ಏನು ರೋಗ, ಅವಳು ಯಾಕೆ ಹಾಗೆ ಬಂದಳು? ಅಂಗಡಿಯ ಯಜಮಾನರು ಹಿಂದಿನ ಕೋಣೆಯಲ್ಲಿ ಕೆಲಸದವರನ್ನೆಲ್ಲ ನಿಲ್ಲಿಸಿಕೊಂಡರು. ಊರ ಮನೆಮನೆಯ ತೊಟ್ಟಿಯ ಮೂಲೆಯಲ್ಲಿ ಅವರ ಅಂಗಡಿಯ ಹೆಸರು ಹೊಳೆಯುತ್ತದೆ. ಆ ಗಾಜು ಒರೆಸುವ ಕೈಗಳ ಗುರುತು ಮಾತ್ರ ಎಲ್ಲೂ ಉಳಿಯಬಾರದು.

"ಏನಮ್ಮಾ, ತೊಟ್ಟಿ ತೊಳೆಯೋಕೆ ಹೋಗಿದ್ಯೋ ಆಪರೇಷನ್ ಮಾಡೋಕೋ?" ಎಂದರು. ಎಲ್ಲರೂ ನಕ್ಕರು. ನಗಲೇಬೇಕಿತ್ತು.

"ಕೈಗೆ ಕಾಯಿಲೆ ಸಾರ್. ಈ ನೀರಿಂದಾನೇ ಬಂದಿದ್ದು. ಡಾಕ್ಟರು ಹೇಳಿದ್ದಾರೆ."

"ಅದನ್ನ ಗಿರಾಕಿಗಳಿಗೂ ಸಾರ್ಕೊಂಡು ಬಂದ್ಯಾ? ಅಂಗಡಿ ಮುಚ್ಚಿಸ್ತೀಯಾ? ಇದನ್ನ ತೆಗಿ, ಇಲ್ಲಾ ಕೆಲಸ ಬಿಡು."

ಮೀನಕ್ಕ ನೀಲಿ ತೋಳನ್ನು ನೋಡಿದರಂತೆ. "ಕೈ ಇದ್ರೆ ಇನ್ನೊಂದು ಕೆಲಸ ಹುಡುಕ್ಕೋತೀನಿ ಸಾರ್. ಕೆಲಸ ಇಟ್ಕೊಂಡು ಕೈ ಎಲ್ಲಿ ಹುಡುಕ್ಲಿ?"

"ಇನ್ಯಾರಿಗಾದ್ರೂ ಬೇಕೇನ್ರಯ್ಯಾ ಇಂಥ ಅಲಂಕಾರ?" ಯಜಮಾನರು ಉಳಿದವರತ್ತ ತಿರುಗಿದರು. ಸಾಲಿನ ಕೊನೆಯಲ್ಲಿದ್ದ ಉದ್ದಣ್ಣ, ಏಣಿಯಿಲ್ಲದೆ ಎತ್ತರದ ತೊಟ್ಟಿಗೆ ಕೈ ಇಳಿಸುವ ಆಳು, ಮೆಲ್ಲಗೆ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿದ. ಮೀನಕ್ಕನಿಗೆ ಅದು ಕಂಡಿತು. ಅವನನ್ನು ದಾಟಿಕೊಂಡು ಹೊರಬಂದರು.

ಈಗ ಆಕೆ ಸ್ವಂತವಾಗಿ ಕೆಲಸ ಮಾಡುತ್ತಾರೆ. ನೀಲಿ ತೋಳಿಗೆ ಬಾಗಿಲು ತೆರೆದ ಮನೆಗಳು ಕೆಲವೇ. ತೆರೆಯದ ಮನೆಗಳಲ್ಲಿ ಆಕೆ ಮರಿಯಿಂದ ಬೆಳೆಸಿದ ಮೀನುಗಳಿವೆ. ಆ ಬೀದಿಗಳಲ್ಲಿ ಹೋಗುವಾಗ ತಲೆ ಎತ್ತಿ ಕಿಟಕಿ ನೋಡುತ್ತಾರೆ, ತೊಟ್ಟಿಯ ದೀಪ ಉರಿಯುತ್ತಿದ್ದರೆ ಸಮಾಧಾನ. ಮಾತ್ರೆ ನಡೆದಿದೆ. ಮೊಣಕೈ ಹತ್ತಿರದ ಗಂಟುಗಳು ಒಣಗಿ ಕಪ್ಪು ಕಲೆಯಾಗಿವೆ. ನಡುಬೆರಳು ಹಾಗೇ ಇದೆ. ಮುಷ್ಟಿ ಹಿಡಿದರೆ ಅದೊಂದು ಹೊರಗೆ ನಿಲ್ಲುತ್ತದೆ. "ಎಲ್ರೂ ಮಲಗಿದ್ಮೇಲೂ ಇವನೊಬ್ಬ ಕಾವಲು, ನಮ್ಮನೆ ಯಜಮಾನ್ರ ಹಾಗೆ," ಎಂದು ಅದನ್ನೂ ನಗುವಿಗೆ ತಿರುಗಿಸುತ್ತಾರೆ.

ಉದ್ದಣ್ಣ ಬಂದದ್ದು ಹೋದ ವಾರ, ಮುಸ್ಸಂಜೆಗೆ. ಸೈಕಲ್ ಅಂಗಡಿಯ ಪಕ್ಕದ ಓಣಿಯಲ್ಲಿ ಬಗ್ಗಿಕೊಂಡು ಬಂದು ಹೊಸ್ತಿಲಾಚೆ ನಿಂತ. ಕೈ ಜೇಬಿನಲ್ಲೇ ಇತ್ತು. "ಯಾರಪ್ಪಾ ಅದು? ಜೇಬಲ್ಲಿ ಏನು, ಹಾವಿಟ್ಕೊಂಡಿದ್ದೀಯಾ?" ಎಂದು ಅತ್ತೆ ಒಳಗಿನಿಂದ ಕೇಳಿದರು. ಅವನು ನಗಲಿಲ್ಲ. ಕೈ ಹೊರತೆಗೆದು ದೀಪದ ಕೆಳಗೆ ಹಿಡಿದ. ಹೆಬ್ಬೆರಳ ಬುಡದಲ್ಲಿ ಒಡೆದ ಗಂಟು, ಮಣಿಕಟ್ಟಿನ ಮೇಲೆ ಇನ್ನೊಂದು ಏಳುತ್ತಿದೆ.

"ಅವತ್ತೇ ಹೇಳಬೇಕಿತ್ತಕ್ಕಾ. ಧೈರ್ಯ ಬರಲಿಲ್ಲ," ಎಂದ. "ಡಾಕ್ಟ್ರಿಗೆ ತೋರಿಸಿದೆ. ಸೋಪು ಬದಲಾಯಿಸು ಅಂದ್ರು."

ಮೀನಕ್ಕ ಅವನನ್ನು ಬೈಯಲಿಲ್ಲ. ಡಾಕ್ಟರಮ್ಮ ತನ್ನ ಕೈ ಹಿಡಿದಿದ್ದ ಹಾಗೆಯೇ ಅವನ ಕೈಯನ್ನು ಅಂಗೈ ಮೇಲಿಟ್ಟುಕೊಂಡು, ಗಂಟಿನಿಂದ ಗಂಟಿಗೆ ಬೆರಳಾಡಿಸಿದರು. ಆಮೇಲೆ ಟೇಪು ಇಲ್ಲದ್ದಕ್ಕೆ ಒಂದು ದಾರ ತೆಗೆದು ಅವನ ಭುಜದಿಂದ ಬೆರಳ ತುದಿಯವರೆಗೆ ಅಳೆದು ಗಂಟು ಹಾಕಿ ಇಟ್ಟುಕೊಂಡರು. ಇವತ್ತು ಟೈಲರಮ್ಮನ ಯಂತ್ರದ ಮೇಲಿರುವುದು ಆ ಅಳತೆಯ ತೋಳು.

ಕೆಲಸ ಮುಗಿದಿದೆ. ಮೀನಕ್ಕ ಸ್ಟೂಲಿನಿಂದ ಇಳಿದು, ಎಲಾಸ್ಟಿಕ್ ಸಡಿಲಿಸಿ, ತೋಳನ್ನು ಮೆಲ್ಲಗೆ ಸುಲಿದು, ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಒಣಗಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಅಂದು ಉದ್ದಣ್ಣನಿಗೆ ಹೇಳಿ ಕಳಿಸಿದ ಮಾತನ್ನೇ ಹೇಳುತ್ತಾರೆ.

"ಡಾಕ್ಟ್ರ ಮುಂದೆ ಕೂತ ತಕ್ಷಣ, ನನ್ನ ಕೆಲಸ ಇದು ಅಂತ ಹೇಳು ಅಂದೆ. ಅವರು ಕೇಳಲಿ ಅಂತ ಕಾಯಬೇಡ. ನಾನು ಕಾದು ಒಂದು ಬೆರಳು ಕಳ್ಕೊಂಡೆ. ಕೇಳದಿದ್ರೂ ಹೇಳು."